ಬಸುರಿಗೆ ಕೊರೊನಾ: ಅಂಕಪಟ್ಟಿ ಹೇಳುವುದೆಷ್ಟು?

ಶಹಾಪುರ ತಾಲ್ಲೂಕಿನ ದೋರನಹಳ್ಳಿಯಂಥ ಊರಿನ ಬಸುರಿಗೆ ಕೊರೊನಾ ಬಿಗಡಾಯಿಸಿದರೆ ಮೊದಲು ಶಹಾಪುರ, ಆಮೇಲೆ ಯಾದಗಿರಿ, ಅಲ್ಲೂ ಆಗದಿದ್ದರೆ ಕಲಬುರಗಿ. ಯಾರನ್ನು ತಡಮಾಡದೆ ಮುಂದಕ್ಕೆ ಕಳಿಸಬೇಕು ಎಂಬ ತೀರ್ಮಾನವೇ ಇಲ್ಲಿ ಅರ್ಧ ಚಿಕಿತ್ಸೆ.

ಐಸಿಯು ವೈದ್ಯರ ಬಳಿ ರೋಗದ ತೀವ್ರತೆ ಅಳೆಯುವ ಅಂಕಪಟ್ಟಿಗಳಿವೆ. 1985ರ ಅಪಾಚೆ-2, 1996ರ ಸೋಫಾ ಹೆಚ್ಚು ಬಳಕೆಯವು. ಉಸಿರಾಟ, ರಕ್ತದೊತ್ತಡ, ಮೂತ್ರಪಿಂಡ, ಪ್ರಜ್ಞೆ ಕೆಟ್ಟಷ್ಟೂ ಅಂಕ ಏರುತ್ತದೆ. ಜೊತೆಗೆ ಸಾವಿನ ಅಪಾಯವೂ.

ತೊಡಕಿರುವುದು ಬಸುರಿಯ ದೇಹದಲ್ಲಿ. ಅವಳ ಎದೆಬಡಿತ ಸಹಜವಾಗಿಯೇ ಚುರುಕು, ರಕ್ತ ತುಸು ತೆಳು. ಅಪಾಚೆ ಇದನ್ನೂ ರೋಗದ ಲೆಕ್ಕಕ್ಕೆ ಸೇರಿಸಿ ಸಾವಿನ ಸಾಧ್ಯತೆಯನ್ನು ಹಿಗ್ಗಿಸಿ ತೋರಿಸುತ್ತದೆ. ಇದಕ್ಕಿಂತ ಅಪಾಯಕಾರಿ ಅದರ ಉಲ್ಟಾ ಮೋಸ. ಬಸುರಿನಲ್ಲಿ ರಕ್ತದ ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡ ಸೋಸಿ ಹೊರಹಾಕುವ ತ್ಯಾಜ್ಯ, ಇಳಿದಿರುತ್ತದೆ. ಉಳಿದವರಿಗೆ ಸಹಜವಾದ, ಡೆಸಿಲೀಟರಿಗೆ 1 ಮಿಲಿಗ್ರಾಂ ಮಟ್ಟ ಅವಳಲ್ಲಿ ಮೂತ್ರಪಿಂಡ ಸೋಲುತ್ತಿರುವ ಸುಳಿವಾಗಬಹುದು. ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಒತ್ತಡ 30ರ ಆಸುಪಾಸು ಇರಬೇಕಾದದ್ದು 40ಕ್ಕೆ ಬಂದರೆ ಉಸಿರು ದಣಿಯುತ್ತಿದೆ ಎಂದೇ ಅನುಮಾನಿಸಬೇಕು. ಅದಕ್ಕಾಗಿಯೇ ಸೋಫಾವನ್ನು ಬಸುರಿಯರಿಗೆಂದು ತಿದ್ದಿದ್ದಾರೆ.

ಬಸುರಿಗೆ ಕೊರೊನಾ ಎಂದರೆ ಹುಟ್ಟುವ ಭಯ ಸುಳ್ಳಲ್ಲ. 18 ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೋಂಕಿತ ಬಸುರಿಯರ ಸಾವಿನ ಅಪಾಯ ಉಳಿದ ಬಸುರಿಯರಿಗಿಂತ ಸುಮಾರು 22 ಪಟ್ಟು ಕಂಡಿತು. ಬೊಜ್ಜು, ಮಧುಮೇಹ, ಏರಿದ ರಕ್ತದೊತ್ತಡ ಇದ್ದವರ ಸ್ಥಿತಿ ಇನ್ನೂ ನಾಜೂಕು. ಭಾರತ ಬಸುರಿಯರಿಗೆ ಲಸಿಕೆಯ ಬಾಗಿಲು ತೆರೆದದ್ದು 2021ರ ಜುಲೈನಲ್ಲಿ, ಎರಡನೇ ಅಲೆಯ ಅಬ್ಬರ ಇಳಿದ ಮೇಲೆ. ತಡವೇ ಆಯಿತು.

ಲ್ಯಾಬ್ ವರದಿ ಬೇಡುವ ಅಂಕಪಟ್ಟಿ ಹಳ್ಳಿಯ ಮನೆಬಾಗಿಲಲ್ಲಿ ನಡೆಯದು. ಅಲ್ಲಿ ಆಸರೆ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್. ಬಸುರಿಯಲ್ಲಿ ಅದು ರಕ್ತದ ಆಮ್ಲಜನಕವನ್ನು ಶೇ 95ಕ್ಕಿಂತ ಕೆಳಗೆ ತೋರಿಸಿದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಬೇಕು.