ರಕ್ತ ಕೊಟ್ಟ ಮೇಲೆ 'ಹೆಪಟೈಟಿಸ್ ಬಿ' ಅಂತ ಫೋನ್ ಬಂದ್ರೆ ಏನ್ಮಾಡ್ಬೇಕು? ಇಲ್ಲಿದೆ ಪೂರ್ತಿ ಮಾಹಿತಿ

ದೊಡ್ಡಬಳ್ಳಾಪುರ: ರಾಜ್ಯೋತ್ಸವ ಇರಲಿ, ಪುನೀತ್ ರಾಜ್‌ಕುಮಾರ್ ಹುಟ್ಟುಹಬ್ಬ ಇರಲಿ, ರಕ್ತದಾನ ಶಿಬಿರ ಅಂದ್ರೆ ಯುವಕರು ಮುಂದೆ ಬರ್ತಾರೆ. ರಕ್ತ ಕೊಟ್ಟು, ಜ್ಯೂಸ್ ಕುಡಿದು, ಸರ್ಟಿಫಿಕೇಟ್ ಹಿಡಿದು ಫೋಟೊ ತೆಗೆಸಿಕೊಂಡರೆ ಮುಗೀತು ಅಂದುಕೊಳ್ಳುವವರೇ ಹೆಚ್ಚು. ಆದರೆ ಅಸಲಿ ಕೆಲಸ ಶುರುವಾಗೋದು ಆಮೇಲೆ.

ಸಂಗ್ರಹವಾದ ಪ್ರತಿ ಯೂನಿಟ್ ರಕ್ತಕ್ಕೂ ಐದು ಪರೀಕ್ಷೆ ಕಡ್ಡಾಯ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾ. ಹೆಪಟೈಟಿಸ್ ಬಿ ಕಂಡುಬಂದರೆ ಆ ರಕ್ತವನ್ನು ರೋಗಿಗೆ ಕೊಡುವುದಿಲ್ಲ, ನಾಶ ಮಾಡುತ್ತಾರೆ. ದಾನಿಗೆ ತಿಳಿಸಿ ಕರೆಸುತ್ತಾರೆ.

ಗೊತ್ತೇ ಆಗಲ್ಲ ಯಾಕೆ?

ಇದು ಲಿವರ್‌ಗೆ ಬರುವ ವೈರಸ್. ಎಷ್ಟೋ ವರ್ಷ ಯಾವ ಲಕ್ಷಣವೂ ಇರಲ್ಲ. ಕೊನೆಗೆ ಲಿವರ್ ಸಿರೋಸಿಸ್, ಕ್ಯಾನ್ಸರ್ ಆದಾಗಲೇ ಗೊತ್ತಾಗುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 2.98 ಕೋಟಿ ಜನರಿಗೆ ಈ ಸೋಂಕಿತ್ತು.

ಮಕ್ಕಳಿಗೆ ಲಸಿಕೆ ಇಡೀ ದೇಶಕ್ಕೆ ವಿಸ್ತರಣೆಯಾಗಿದ್ದು 2011ರಲ್ಲಿ. ಈಗ ರಕ್ತ ಕೊಡುವ ವಯಸ್ಸಿನವರೆಲ್ಲ ಅದಕ್ಕೂ ಮೊದಲು ಹುಟ್ಟಿದವರು. ಅವರಲ್ಲಿ ಬಹಳ ಜನರಿಗೆ ಲಸಿಕೆಯೇ ಬಿದ್ದಿಲ್ಲ.

ಹರಡೋದು ಹೇಗೆ?

ಹೆರಿಗೆ ವೇಳೆ ತಾಯಿಯಿಂದ ಮಗುವಿಗೆ, ಅಸುರಕ್ಷಿತ ಲೈಂಗಿಕ ಸಂಪರ್ಕದಿಂದ, ಒಬ್ಬರಿಗೆ ಬಳಸಿದ ಸೂಜಿ, ಬ್ಲೇಡಿನಿಂದ. ಒಣಗಿದ ರಕ್ತದ ಕಲೆಯಲ್ಲೂ ಈ ವೈರಸ್ ಕನಿಷ್ಠ 7 ದಿನ ಬದುಕಬಲ್ಲದು. ಜೊತೆಗೆ ಊಟ ಮಾಡಿದರೆ, ಕೈ ಕುಲುಕಿದರೆ, ಒಂದೇ ಲೋಟದಲ್ಲಿ ನೀರು ಕುಡಿದರೆ ಬರಲ್ಲ.

ಇಲ್ಲಿ ಬಡತನದ ಪಾತ್ರವೂ ಇದೆ. ಜ್ವರ ಬಂದರೆ ದಿನಗೂಲಿ ಬಿಟ್ಟು ದೊಡ್ಡಾಸ್ಪತ್ರೆಗೆ ಹೋಗಲಾಗದವರು 'ಒಂದು ಇಂಜೆಕ್ಷನ್ ಹಾಕ್ಬಿಡಿ' ಅಂತ ಸಿಕ್ಕವರ ಹತ್ತಿರ ಹೋಗ್ತಾರೆ. ಜಾತ್ರೆಯಲ್ಲಿ ಒಂದೇ ಸೂಜಿಯಲ್ಲಿ ಹತ್ತಾರು ಜನರಿಗೆ ಹಚ್ಚೆ ಹಾಕಿದರೂ ಅಪಾಯವೇ. ದಾಬಸ್‌ಪೇಟೆ, ಬಾಶೆಟ್ಟಿಹಳ್ಳಿ ಕಡೆಯ ಕಾರ್ಖಾನೆ ಕೆಲಸಗಾರರಿಗೆ ಪರೀಕ್ಷೆಗೆ ರಜೆ ಹಾಕಿದರೆ ಆ ದಿನದ ಕೂಲಿ ಹೋದಂತೆ. ಕೆಲಸ ಹೋಗುತ್ತೆ, ಮದುವೆ ಮುರಿಯುತ್ತೆ ಅನ್ನೋ ಭಯಕ್ಕೆ ಫೋನ್ ಬಂದರೂ ಹೋಗದವರಿದ್ದಾರೆ. ಅವರ ಜೊತೆ ಮನೆಯವರಿಗೂ ಅಪಾಯ ಮುಂದುವರಿಯುತ್ತದೆ.

ಫೋನ್ ಬಂದರೆ ಏನು ಮಾಡಬೇಕು?

* ತಪ್ಪದೆ ಹೋಗಿ. ಮೊದಲ ವರದಿಯೇ ಅಂತಿಮವಲ್ಲ, ಖಚಿತಪಡಿಸಲು ಬೇರೆ ಪರೀಕ್ಷೆಗಳಿವೆ.
* ಸೋಂಕಿರುವ ಎಲ್ಲರಿಗೂ ಮಾತ್ರೆ ಬೇಕಾಗಲ್ಲ. ಆದರೆ ಡಾಕ್ಟರ್ ಹೇಳಿದಂತೆ ಆಗಾಗ ತಪಾಸಣೆ ಬೇಕೇ ಬೇಕು.
* 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಔಷಧಿ ಉಚಿತ. ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.
* ಮನೆಯವರೂ ಪರೀಕ್ಷೆ ಮಾಡಿಸಲಿ. ಸೋಂಕಿಲ್ಲದ ದೊಡ್ಡವರು ಆರು ತಿಂಗಳಲ್ಲಿ ಮೂರು ಡೋಸ್ ಲಸಿಕೆ ಹಾಕಿಸಿಕೊಳ್ಳಬಹುದು.
* ಗರ್ಭಿಣಿಯರು ಪರೀಕ್ಷೆ ಬಿಡಬಾರದು. ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಮೊದಲ ಡೋಸ್ ಬೀಳಲೇಬೇಕು. ಶಿಶುವಿಗೆ ತಗುಲಿದ ಸೋಂಕು 100ರಲ್ಲಿ ಸುಮಾರು 90 ಮಕ್ಕಳಲ್ಲಿ ಜೀವನಪೂರ್ತಿ ಉಳಿಯುತ್ತದೆ.

'ಹೆಂಗೂ ಫ್ರೀ ಟೆಸ್ಟ್ ಮಾಡ್ತಾರೆ' ಅಂತ ಅನುಮಾನ ಇಟ್ಟುಕೊಂಡು ರಕ್ತ ಕೊಡಲು ಹೋಗಬೇಡಿ. ಸೋಂಕು ತಗುಲಿದ ಮೊದಲ ಕೆಲವು ವಾರ ಪರೀಕ್ಷೆಯಲ್ಲಿ ಸಿಗದೇ ಇರಬಹುದು. ಆ ರಕ್ತ ಯಾವುದೋ ಬಾಣಂತಿಗೆ, ಅಪಘಾತವಾದವರಿಗೆ ಹೋಗುತ್ತೆ.

ಇನ್ನು ಸಲೂನ್ ಇಟ್ಟವರು ಪ್ರತಿ ಗಿರಾಕಿಗೂ ಹೊಸ ಬ್ಲೇಡ್ ಅವರ ಎದುರೇ ಬಿಚ್ಚಿ ಹಾಕಲಿ. ಹಾಕದಿದ್ದರೆ ಗಿರಾಕಿಗಳೇ ಕೇಳಲಿ, ಅದರಲ್ಲಿ ಸಂಕೋಚ ಬೇಡ.