ಕ್ರೈಸ್ತ ಸಭಾ ಚರಿತ್ರೆಯ ಅಭ್ಯಾಸ ಮತ್ತು ವಚನ ಸಾಹಿತ್ಯದ ವಿದ್ಯಾರ್ಥಿ

ಬೀದರ ನಗರದಲ್ಲಿ 15ನೆಯ ಶತಮಾನದ ಮಹಮೂದ್ ಗಾವಾನನ ಮದರಸಾ, ನಾನಕ ಝೀರಾ, ಮೆಥೊಡಿಸ್ಟ್ ಸಭೆಯ ಪ್ರಾರ್ಥನಾಲಯ, ವೀರಶೈವ ಮಠಗಳು ಒಂದಕ್ಕೊಂದು ನೆರೆಯಾಗಿ ನಿಂತಿವೆ. ಬೀದರ, ಭಾಲ್ಕಿ, ಔರಾದಗಳ ಶಾಲೆಗಳಲ್ಲಿ ಶರಣಭಕ್ತರ ಮಕ್ಕಳೂ ಕ್ರೈಸ್ತರ ಮಕ್ಕಳೂ ಜೊತೆಯಾಗಿ ಓದುತ್ತಾರೆ. ಆದರೂ ಕ್ರೈಸ್ತಧರ್ಮದ ವಿಷಯದಲ್ಲಿ ನಮ್ಮ ವಿದ್ಯಾರ್ಥಿಗಳ ತಿಳಿವಳಿಕೆಯು ಯೇಸುವಿನ ಜನನ ಮರಣಗಳಿಂದ ಒಮ್ಮೆಲೇ ಪಾಶ್ಚಾತ್ಯ ಮಿಶನರಿಗಳ ಆಗಮನಕ್ಕೆ ಹಾರಿಬಿಡುತ್ತದೆ. ನಡುವಣ ಸಾವಿರದೈನೂರು ವರ್ಷಗಳ ವೃತ್ತಾಂತವನ್ನು ಕನ್ನಡ ಕ್ರೈಸ್ತರು 'ಸಭಾ ಚರಿತ್ರೆ'ಯಲ್ಲಿ ಓದುತ್ತಾರೆ. ವಚನಗಳನ್ನು ಓದುವ ವಿದ್ಯಾರ್ಥಿಗೆ ಇದರಿಂದ ಏನು ಪ್ರಯೋಜನ? ಅನ್ಯಮತದ ಇತಿಹಾಸವನ್ನು ಓದುವುದರಿಂದ ಸ್ವಮತದ ನಿಷ್ಠೆ ಸಡಿಲವಾಗದೆ? ಇವು ಉಪೇಕ್ಷಿಸತಕ್ಕ ಪ್ರಶ್ನೆಗಳಲ್ಲ.

ಇವುಗಳಿಗೆ ರೆವರೆಂಡ್ ಉತ್ತಂಗಿ ಚನ್ನಪ್ಪನವರ ಬಾಳೇ ಒಂದು ಉತ್ತರ. 1881ರಲ್ಲಿ ಧಾರವಾಡದಲ್ಲಿ ಜನಿಸಿದ ಇವರು ಮಂಗಳೂರಿನ ಬಾಸೆಲ್ ಮಿಶನ್ ಸೆಮಿನರಿಯಲ್ಲಿ ಕ್ರೈಸ್ತ ಧರ್ಮಶಾಸ್ತ್ರವನ್ನು ಅಭ್ಯಸಿಸಿ ಪಾದ್ರಿಗಳಾದರು. 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿ ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅನುಭವಮಂಟಪದ ಅಸ್ತಿತ್ವವನ್ನೇ ಸಂಶಯಿಸುವ ವಾದ ಎದ್ದಾಗ ಅದರ ಐತಿಹಾಸಿಕತೆಯನ್ನು ಸಮರ್ಥಿಸಿ ಗ್ರಂಥ ಬರೆದವರೂ ಇವರೇ. ಕ್ರೈಸ್ತಶಾಸ್ತ್ರವನ್ನು ಕಲಿತ ಪಾದ್ರಿಗಳು ಕಲ್ಯಾಣದ ಶರಣರ ಪರವಾಗಿ ನಿಂತರು. ತಮ್ಮ ಧರ್ಮವನ್ನೂ ಬಿಡಲಿಲ್ಲ.

ಸಭಾ ಚರಿತ್ರೆಯು ಕಲಿಸುವ ಮೊದಲನೆಯ ಪಾಠವೆಂದರೆ ಘಟನೆಗೂ ಅದರ ಬರವಣಿಗೆಗೂ ಇರುವ ಕಾಲಾಂತರವನ್ನು ಅಳೆಯುವುದು. ಯೇಸು ಶಿಲುಬೆಗೇರಿದುದು ಕ್ರಿ.ಶ. 30ರ ಸುಮಾರಿಗೆ, ನಾಲ್ಕು ಸುವಾರ್ತೆಗಳಲ್ಲಿ ಮೊದಲನೆಯದು 70ರ ಸುಮಾರಿನದೆಂದು ವಿದ್ವಾಂಸರಲ್ಲಿ ಬಹುಮಂದಿಯ ಮತ. ಇಂದಿನ ಹೊಸ ಒಡಂಬಡಿಕೆಯ 27 ಪುಸ್ತಕಗಳನ್ನೇ ಪ್ರಮಾಣವೆಂದು ಎಣಿಸಿದ ಅಥನೇಸಿಯಸನ ಪತ್ರವು 367ರದು. ಇದೇ ಅಳತೆಗೋಲನ್ನು ನಮ್ಮ ಕಡೆಗೆ ತಿರುಗಿಸಬೇಕು. ಕಲ್ಯಾಣದ ಕ್ರಾಂತಿ 12ನೆಯ ಶತಮಾನದ ಉತ್ತರಾರ್ಧದ್ದು. ಹರಿಹರನ ಬಸವರಾಜದೇವರ ರಗಳೆ ಅದಕ್ಕೆ ಒಂದೆರಡು ತಲೆಮಾರಿನಷ್ಟು ಸಮೀಪದ್ದು. ಭೀಮಕವಿಯ ಬಸವಪುರಾಣ 1369ರದು. ಶೂನ್ಯಸಂಪಾದನೆಗಳು 15ನೆಯ ಶತಮಾನದಿಂದ ಈಚಿನವು. ಇವೆಲ್ಲವೂ ಪೂಜ್ಯಗ್ರಂಥಗಳೇ, ಆದರೆ ಒಂದೊಂದರ ಸಾಕ್ಷ್ಯದ ಬಗೆ ಬೇರೆ. 1260ರ ಅರ್ಜುನವಾಡದ ಶಾಸನಕ್ಕೆ ಸಂಶೋಧಕರು ಅಷ್ಟು ಬೆಲೆ ಕೊಡುವುದೇಕೆಂಬುದು ಈ ತಾರತಮ್ಯವನ್ನು ಅರಿತವನಿಗೆ ಮಾತ್ರ ತಿಳಿಯುತ್ತದೆ.

ಎರಡನೆಯ ಪಾಠವು ಪ್ರತಿಪಕ್ಷದ ಮಾತನ್ನು ಓದುವ ಬಗೆ. 325ರಲ್ಲಿ ಸಾಮ್ರಾಟ ಕಾನ್‌ಸ್ಟಂಟೈನನು ಕರೆಸಿದ ನಿಕೇಯದ ಮಹಾಸಭೆಯು ಅರಿಯಸನ ಮತವನ್ನು ಖಂಡಿಸಿತು. ಅವನ ಬರಹಗಳಲ್ಲಿ ಬಹುಭಾಗ ಇಂದು ನಮಗೆ ದೊರೆಯುವುದು ಅವನ ವಿರೋಧಿಗಳ ಉಲ್ಲೇಖಗಳಲ್ಲಿ. ಹಾಗೆಂದು ಆ ಉಲ್ಲೇಖಗಳನ್ನು ಇತಿಹಾಸಕಾರರು ಎಸೆಯುವುದಿಲ್ಲ, ಪೂರ್ಣವಾಗಿ ನಂಬುವುದೂ ಇಲ್ಲ. ಬಿಜ್ಜಳನ ವಿಷಯದಲ್ಲಿ ವೀರಶೈವ ಪುರಾಣಗಳು ಒಂದು ಬಗೆಯಾಗಿಯೂ ಜೈನ ಪರಂಪರೆಯ ಬಿಜ್ಜಳರಾಯ ಚರಿತೆ ಮತ್ತೊಂದು ಬಗೆಯಾಗಿಯೂ ಹೇಳುತ್ತವೆ. ಇವನ್ನು ಎದುರುಬದುರಾಗಿಟ್ಟು ಶಾಸನಗಳೊಡನೆ ತೂಗಿನೋಡುವ ಸಮಚಿತ್ತತೆ ವಿದ್ಯಾರ್ಥಿಗೆ ಬರಬೇಕು.

ಮೂರನೆಯದು ಅನುಭಾವಕ್ಕೂ ಸಂಸ್ಥೆಗೂ ಇರುವ ಸಂಬಂಧ. ಮೊದಲ ಮೂರು ಶತಮಾನಗಳಲ್ಲಿ ಹಿಂಸೆಯನ್ನು ಸಹಿಸಿದ ಸಭೆಯು 313ರ ಬಳಿಕ ರಾಜಾಶ್ರಯವನ್ನು ಪಡೆದು, ಮುಂದೆ ಅಧಿಕಾರ ಸಂಪತ್ತುಗಳನ್ನೂ ಗಳಿಸಿತು. ಐಗುಪ್ತದ ಮರಳುಗಾಡಿಗೆ ಹೋದ ಆಂಥೊನಿಯಂತಹ ವಿರಕ್ತರೂ, 6ನೆಯ ಶತಮಾನದಲ್ಲಿ ಪ್ರಾರ್ಥನೆಯನ್ನೂ ಕೈದುಡಿಮೆಯನ್ನೂ ಒಂದುಗೂಡಿಸಿ ಮಠದ ನಿಯಮವನ್ನು ರಚಿಸಿದ ಬೆನೆಡಿಕ್ಟನೂ ತೋರಿದುದು ಬೇರೊಂದು ಹಾದಿ. ಯುರೋಪಿನ ಪ್ರಾಚೀನ ಗ್ರಂಥಗಳಲ್ಲಿ ಹಲವು ಉಳಿದುದು ಇಂತಹ ಮಠಗಳ ಪ್ರತಿಕಾರರಿಂದ. ಭಾಲ್ಕಿಯ ಭಕ್ತರಿಗೆ ಇದು ಅಪರಿಚಿತ ಸಂಗತಿಯಲ್ಲ. ನಿಜಾಮರ ಆಳಿಕೆಯಲ್ಲಿ ಹೊರಗೆ ಉರ್ದು ಫಲಕವಿಟ್ಟು ಒಳಗೆ ಕನ್ನಡವನ್ನು ಕಲಿಸಿದ ಹಿರೇಮಠದ ಪೂಜ್ಯ ಚನ್ನಬಸವ ಪಟ್ಟದ್ದೇವರನ್ನು ಬಲ್ಲವರಿಗೆ, ಮಠವು ಅಕ್ಷರವನ್ನು ಕಾಯುವುದೆಂದರೇನೆಂದು ವಿವರಿಸಬೇಕಾಗಿಲ್ಲ.

ನಾಲ್ಕನೆಯ ಸಂಗತಿ ದೇಶಭಾಷೆಯದು. ಕಲ್ಯಾಣದ ಶರಣರು ಚದುರಿದ ಕೆಲವೇ ವರ್ಷಗಳಲ್ಲಿ, 1170ರ ದಶಕದಲ್ಲಿ, ಫ್ರಾನ್ಸಿನ ಲಿಯೋನ್ ಪಟ್ಟಣದ ವಾಲ್ಡೊ ಎಂಬ ವರ್ತಕನು ಸಂಪತ್ತನ್ನು ತ್ಯಜಿಸಿ, ಸುವಾರ್ತೆಯ ಭಾಗಗಳನ್ನು ಲ್ಯಾಟಿನ್ನಿನಿಂದ ಜನರ ಮಾತಿಗೆ ಭಾಷಾಂತರ ಮಾಡಿಸಿದನು. ಅವನ ಅನುಯಾಯಿಗಳಲ್ಲಿ ಸ್ತ್ರೀಯರೂ ಬೋಧಿಸಿದರು. 1184ರಲ್ಲಿ ಸಭೆಯು ಅವರನ್ನು ಬಹಿಷ್ಕರಿಸಿತು. ಕನ್ನಡ, ಮರಾಠಿ, ತೆಲುಗುಗಳು ಒಂದೇ ಸಂತೆಯಲ್ಲಿ ಕೇಳಿಬರುವ ಗಡಿನಾಡಾದ ಔರಾದದ ವಿದ್ಯಾರ್ಥಿಗೆ, ಜನರ ನುಡಿಯಲ್ಲಿ ಧರ್ಮವನ್ನು ಹೇಳುವುದರ ಮಹತ್ತ್ವ ಬೇಗನೆ ಮನವರಿಕೆಯಾದೀತು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಹೋಲಿಕೆಯಿದ್ದ ಮಾತ್ರಕ್ಕೆ ಒಬ್ಬರು ಇನ್ನೊಬ್ಬರಿಂದ ಪಡೆದರೆಂದು ಹೇಳಲಾಗದು. ಲಿಯೋನಿನ ವರ್ತಕನಿಗೂ ಕಲ್ಯಾಣದ ಶರಣರಿಗೂ ಯಾವ ಸಂಪರ್ಕವೂ ಕಂಡುಬರುವುದಿಲ್ಲ. ನಿಕೇಯದ ಮಹಾಸಭೆಯನ್ನು ಅನುಭವಮಂಟಪಕ್ಕೆ ಸಮೀಕರಿಸುವುದೂ ಸಲ್ಲದು. ಅಲ್ಲಿ ಸಾಮ್ರಾಟನ ಸಮ್ಮುಖದಲ್ಲಿ ಬಿಷಪ್ಪರು ಎಲ್ಲರಿಗೂ ಅನ್ವಯಿಸುವ ವಿಶ್ವಾಸಸೂತ್ರವನ್ನು ನಿರ್ಣಯಿಸಿದರು; ಇಲ್ಲಿ ವಿವಿಧ ಕಾಯಕದ ಶರಣ ಶರಣೆಯರು ತಮ್ಮ ತಮ್ಮ ಅನುಭಾವವನ್ನು ಒರೆಗೆ ಹಚ್ಚಿದರೆಂದು ಪರಂಪರೆ ಹೇಳುತ್ತದೆ. ವ್ಯತ್ಯಾಸವನ್ನು ಕಂಡಾಗಲೇ ನಮ್ಮದರ ವೈಶಿಷ್ಟ್ಯವೂ ಸ್ಪಷ್ಟವಾಗುತ್ತದೆ.

ಆದುದರಿಂದ ವಚನ ಸಾಹಿತ್ಯವನ್ನು ಅಭ್ಯಸಿಸುವ ತರುಣರು ಸಭಾ ಚರಿತ್ರೆಯನ್ನು ದೂಷಣೆಗಾಗಿ ಓದಬಾರದು, ಮೆಚ್ಚಿಸುವುದಕ್ಕಾಗಿಯೂ ಓದಬಾರದು. ಅದರ ಮಹಾಪುರುಷರನ್ನೂ ಪ್ರಮಾದಗಳನ್ನೂ ಕಾಲಾನುಕ್ರಮದಲ್ಲಿ ತಿಳಿದು, ಅದೇ ಪ್ರಾಮಾಣಿಕತೆಯಿಂದ ನಮ್ಮ ಪುರಾಣ, ಶಾಸನ, ವಚನಗಳ ಕಡೆಗೆ ಮರಳಬೇಕು. ವಿಚಾರಣೆಗೆ ಅಂಜುವ ಭಕ್ತಿ ಬಹುಕಾಲ ಬಾಳದು. ಪ್ರಶ್ನೆಗಳಿಗೆ ಬಾಗಿಲು ತೆರೆದ ಶರಣರ ಮಾತುಗಳಾದರೋ ಎಂಟುನೂರು ವರ್ಷಗಳಿಂದ ಬಾಳಿವೆ.