ಅಡವಿಟ್ಟ ಮಳಿಗೆ, ಬಾಡಿಗೆ ಯಾರಿಗೆ?

ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ನಿಮ್ಮದೊಂದು ಮಳಿಗೆ, ಬ್ಯಾಂಕಿಗೆ ಅಡವಿಟ್ಟಿದ್ದೀರಿ ಅಂದುಕೊಳ್ಳಿ. ಸಾಲದ ಕಂತು ನಿಂತಿತು. ‘ಮಳಿಗೆ ಮಾರಲ್ಲ, ಬಾಡಿಗೆ ಸಾಲಕ್ಕೇ ಕಟ್ತೀನಿ’ ಅಂತ ಕೋರ್ಟಿಗೆ ಮುಚ್ಚಳಿಕೆ ಬರೆದುಕೊಟ್ಟಿರಿ. ಆಮೇಲೆ ಬಾಡಿಗೆ ಸದ್ದಿಲ್ಲದೆ ಮಗನ ಖಾತೆಗೆ ಹೋಗತೊಡಗಿತು. ‘ಮಳಿಗೆ ಮಾರಿಲ್ವಲ್ಲ ಸ್ವಾಮಿ’ ಅಂದ್ರೆ ನಡೆಯಲ್ಲ.

ಕೋರ್ಟ್ ಮೊದಲು ನೋಡೋದು ಬರೆದ ಮಾತನ್ನ, ಜೊತೆಗೆ ಅದನ್ನ ಯಾಕೆ ಬರೆಸಿಕೊಂಡರು ಅನ್ನೋದನ್ನ. ಮಾತೇ ಅಸ್ಪಷ್ಟವಾಗಿದ್ರೆ ನ್ಯಾಯಾಂಗ ನಿಂದನೆ ಹೊರಿಸೋದು ಕಷ್ಟ. ಬೇಕಂತಲೇ ಮುರಿದ್ರೆ 1971ರ ನ್ಯಾಯಾಂಗ ನಿಂದನೆ ಕಾಯ್ದೆಯಲ್ಲಿ 6 ತಿಂಗಳವರೆಗೆ ಸಜೆ. ದಂಡ ಮಾತ್ರ ನಗು ಬರೋ ಹಾಗಿದೆ, ಹೆಚ್ಚೆಂದರೆ 2000 ರೂಪಾಯಿ!

ಕರ್ನಾಟಕ ಹೈಕೋರ್ಟ್ ಆದೇಶ ಮೀರಿ ಮಕ್ಕಳಿಗೆ 4 ಕೋಟಿ ಡಾಲರ್ ದಾಟಿಸಿದ ಉದ್ಯಮಿ ವಿಜಯ್ ಮಲ್ಯಗೆ 2022ರಲ್ಲಿ ಸುಪ್ರೀಂ ಕೋರ್ಟ್ ಇದೇ ನಿಂದನೆಗಾಗಿ 4 ತಿಂಗಳ ಸಜೆ ಕೊಟ್ಟಿತು. ಹಣವನ್ನ ಬಡ್ಡಿ ಸಮೇತ ಕಟ್ಟಿ ಅಂದಿತು.

ಹಾಗಾಗಿ ಮುಚ್ಚಳಿಕೆಗೆ ಸಹಿ ಹಾಕೋ ಮುಂಚೆ ‘ಬಾಡಿಗೆ’ ಬಗ್ಗೆ ಏನು ಬರೆದಿದೆ, ವಕೀಲರ ಹತ್ರ ಓದಿಸಿಕೊಳ್ಳಿ.